ವೀಕ್ಷಕರ ಕುರ್ಚಿ

ಮಸೇರುವಿನಿಂದ ಬಸ್ಸು, ಬಸ್ಸಿಳಿದ ಮೇಲೆ ಬಾಡಿಗೆ ಕುದುರೆ.
ಜೂನ್ ತಿಂಗಳು, ಹುಲ್ಲಿನ ತುದಿಗೆಲ್ಲ ಮಂಜುಗಡ್ಡೆ.
ಜೀನಿನ ಚೀಲದಲ್ಲಿ ನಲವತ್ತೆಂಟು ನಮೂನೆ,
ಒಂದೊಂದರಲ್ಲೂ ಮೂವತ್ತಾರು ಸಾಲು,
ಸಾಲಿಗೆ ಒಂದರಿಂದ ನಾಲ್ಕರವರೆಗೆ ಅಂಕ.
ದಾರಿ ಕುದುರೆಗೆ ಗೊತ್ತಿತ್ತು.
ನನಗೆ ಗೊತ್ತಿದ್ದದ್ದು ಸಂಶೋಧನೆಯ ಪ್ರಶ್ನೆ:
ಕಾಲೇಜಿನಲ್ಲಿ ಕಲಿಸಿದ್ದು ತರಗತಿಯವರೆಗೆ
ಎಷ್ಟು ತಲುಪುತ್ತದೆ?

ಹಾ ಸೆಖಾಲಿ. ಮೂವತ್ತೊಂದನೇ ಶಾಲೆ.
ಕಲ್ಲಿನ ಗೋಡೆ, ತಗಡಿನ ಮಾಡು, ಕಿಟಕಿ ಒಂದೇ.
ಬಿಸಿಲು ಬೀಳುವ ಜಾಗವೂ ಅದೊಂದೇ.
ಅಲ್ಲೇ ಹಾಕಿದ್ದರು ನನಗೆ
ಊರಿಗೆಲ್ಲ ಒಂದೇ ಇದ್ದ ಕೈಯಿರುವ ಕುರ್ಚಿ.

ಲಿಪುವೊ, ತರಬೇತಿಯ ಮೂರನೇ ವರ್ಷ.
ಕಂಬಳಿ ಹೊದ್ದ ಅರವತ್ತೊಂದು ಮಕ್ಕಳೆದುರು ಭಿನ್ನರಾಶಿ.
ಇಪ್ಪತ್ತನಾಲ್ಕು ಕುರಿ,
ಮೂರರಲ್ಲೊಂದು ಪಾಲು ಮಾರಿದರೆ ಎಷ್ಟು?
ಪಾಠಯೋಜನೆಯಲ್ಲಿದ್ದದ್ದು ರೊಟ್ಟಿ.
ಐದನೇ ಸಾಲು, ಯೋಜನೆಗೆ ಬದ್ಧತೆ:
ಮೂರು ಕೊಟ್ಟೆ.

ಹತ್ತೂ ಇಪ್ಪತ್ತಕ್ಕೆ ಅವಳಿಗೆ ಏನಾಯಿತೋ,
ಮುಕ್ಕಾಲಿಯ ಮೇಲಿದ್ದ ಕರಿಹಲಗೆಯನ್ನು ತಬ್ಬಿ ಹಿಡಿದು
ದರದರನೆ ಎಳೆದಳು ಬಾಗಿಲ ಕಡೆಗೆ.
ಅರವತ್ತೊಂದು ಕತ್ತು ಒಟ್ಟಿಗೆ ಹೊರಳಿದವು,
ಯಾರದೋ ಸ್ಲೇಟು ಬಿತ್ತು, ಯಾರೋ ಅತ್ತರು.
ಗಡಿಯಾರ ನೋಡಿ ಬರೆದುಕೊಂಡೆ:
ಕಾರಣವಿಲ್ಲದ ಚಲನೆ, ನಾಲ್ಕು ನಿಮಿಷ ನಷ್ಟ.
ಹದಿನಾರನೇ ಸಾಲಿಗೆ ಎರಡು.

ಮಕ್ಕಳಿನ್ನೂ ಬೆರಳು ಮಡಚುತ್ತಿರುವಾಗಲೇ
ಹೊಸಿಲಾಚೆಯಿಂದೊಂದು ದನಿ: "ಎಂಟು."
ಒಡೆದು ಗಂಡಾಗುತ್ತಿರುವ ದನಿ.
"ಗಬ್ಬದ ಕುರಿ ಬಿಟ್ಟು ಎಣಿಸಬೇಕು, ಮೇಡಂ.
ಅವನ್ನು ಯಾರೂ ಮಾರುವುದಿಲ್ಲ."
ಮಕ್ಕಳು ನಕ್ಕರು. ಅವಳೂ ನಕ್ಕಳು.
ನಾನು ಬರೆದೆ: ಹೊರಗಿನ ಗದ್ದಲ.

ಆಮೇಲೆ ಚಹಾ, ಹಿಮ್ಮಾಹಿತಿ.
ಮೊದಲು ಮೆಚ್ಚುಗೆ, ನಡುವೆ ಕೊರತೆ, ಕೊನೆಗೆ ಮತ್ತೆ ಮೆಚ್ಚುಗೆ,
ಹನ್ನೆರಡು ವರ್ಷದಿಂದ ನಾನೇ ಹೇಳಿಕೊಡುತ್ತ ಬಂದ ಕ್ರಮ.
ನಡುವಿನದಕ್ಕೆ ಬಂದಾಗ ಕೇಳಿದೆ,
ಹಲಗೆ ಯಾಕೆ ಎಳೆದಿರಿ?
ಲೋಟ ತಿರುಗಿಸಿದಳು. ಒಲೆಯ ಕಡೆ ನೋಡಿದಳು.
"ಒಬ್ಬ ಹುಡುಗನಿದ್ದಾನೆ ಸರ್. ಹಾಜರಿಯಲ್ಲಿ ಇಲ್ಲ.
ಬೇರೆಯವರ ಕುರಿ ಕಾಯುತ್ತಾನೆ.
ದಿನಾ ಕಿಟಕಿಗೆ ಬಂದು ನಿಲ್ಲುತ್ತಾನೆ.
ಇವತ್ತು ಕಿಟಕಿಯಲ್ಲಿ..."
ಅಷ್ಟಕ್ಕೇ ನಿಲ್ಲಿಸಿ
ಸಕ್ಕರೆ ಬೇಕೇ ಎಂದು ಕೇಳಿದಳು.

ಬೆನ್ನ ಮೇಲಿನ ಬಿಸಿಲು ಹತ್ತು ಗಂಟೆಗೆ ಹೋಗಿತ್ತು,
ಮೋಡ ಎಂದುಕೊಂಡಿದ್ದೆ.
ಹಸಿ ಉಣ್ಣೆಯ ವಾಸನೆ, ನನ್ನದೇ ಕಂಬಳಿಯದು ಎಂದುಕೊಂಡಿದ್ದೆ.
ಗಾಜಿಗೆ ಕೋಲು ತಾಗಿದ ಸದ್ದು.
ಅದನ್ನು ಏನೂ ಎಂದುಕೊಂಡಿರಲಿಲ್ಲ.

ಈಗ ಮಸೇರು. ಹೀಟರಿನ ಪಕ್ಕ ಕೂತು ಪ್ರಬಂಧ ತಿದ್ದುತ್ತಿದ್ದೇನೆ.
ಪರಿಶೀಲಕರು ಯಾವುದೋ ದೂರದ ಊರಿನಿಂದ ಬರೆದಿದ್ದಾರೆ:
ಮಾದರಿ ಚಿಕ್ಕದು, ಆದರೂ
ಇಬ್ಬರು ವೀಕ್ಷಕರ ಅಂಕಗಳ ನಡುವೆ ಹೊಂದಾಣಿಕೆ ಗಮನಾರ್ಹ.
ಇರಲೇಬೇಕಲ್ಲ.
ನಾನೂ ಮೊಖೆಥಿಯೂ, ಯಾವ ಶಾಲೆಗೆ ಹೋದರೂ
ಬಿಸಿಲಿದ್ದ ಕಡೆಯೇ ಕೂರುತ್ತೇವೆ.

ಎರಡನ್ನು ನಾಲ್ಕು ಮಾಡಿದರೆ ದತ್ತಾಂಶ ತಿದ್ದಿದ ಹಾಗೆ.
ಹಾಗೇ ಬಿಟ್ಟರೆ?
ನಮೂನೆಯ ಕೊನೆಗೆ "ಇತರೆ" ಎಂಬ ಖಾನೆಯಿದೆ,
ಎರಡು ಗೆರೆ ಜಾಗ.
ಒಂದರಲ್ಲಿ ಬರೆದೆ: ಹಲಗೆ ತಿರುಗಿತು.
ಇನ್ನೊಂದು ಖಾಲಿ.
"ಅಧ್ಯಯನದ ಮಿತಿಗಳು" ಎಂಬ ಭಾಗದಲ್ಲಿ
ಕುರ್ಚಿಯ ಬಗ್ಗೆ ಒಂದು ವಾಕ್ಯ ಸೇರಿಸಿ, ಅಳಿಸಿ, ಸೇರಿಸಿ,
ಪದಮಿತಿ ಮೀರಿತೆಂದು ಯಂತ್ರ ಕೆಂಪಾಯಿತು.

ಅದಿರಲಿ. ಆ ಮರುದಿನದ್ದು ಹೇಳಬೇಕು.
ಮೂವತ್ತೆರಡನೇ ಶಾಲೆ, ಇನ್ನೂ ಎತ್ತರದಲ್ಲಿ.
ಮುಖ್ಯೋಪಾಧ್ಯಾಯಿನಿ ತಾವೇ ಕುರ್ಚಿ ಎತ್ತಿಕೊಂಡು ಬಂದರು,
ಎಲ್ಲಿ ಹಾಕಲಿ ಎಂದರು.
ಬೇಡ, ನಿಲ್ಲುತ್ತೇನೆ ಎಂದು ಬಾಗಿಲಿಗೆ ಹೋದೆ.
ಚೌಕಟ್ಟಿಗೆ ಒರಗಿ, ಪೆನ್ನಿನ ಮುಚ್ಚಳ ತೆಗೆದು
ಮೊದಲ ಸಾಲಿಗೆ ಬರುವಷ್ಟರಲ್ಲಿ
ಬೆನ್ನ ಹಿಂದೆ ಯಾರೋ
ಮೆಲ್ಲಗೆ ಕೆಮ್ಮಿದರು.